ಎಡಗಡೆಯ ಸೀಟು

ಚಂದ್ರಪ್ರಭಾಗೆ ಆ ಕಾರನ್ನು ಕಂಡರೆ ಭಯ ಎಂದರೆ ಯಾರೂ ನಂಬುತ್ತಿರಲಿಲ್ಲ. ನೋಡಲು ಅಷ್ಟು ಸಾಧುವಾದ ಕಾರು ಅದು. ಹಾಲಿನ ಬಣ್ಣ, ತಿಂಡಿ ಡಬ್ಬಿಯಂಥ ಮೈ, ಮುಂದೆ ದುಂಡಗಿನ ಎರಡು ದೀಪ. ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಬಾಡ್‌ಹೂವೆಡಾರ್ಪ್‌ನ ಆ ಬೀದಿಯಲ್ಲಿ ನಾಯಿ ಕರೆದುಕೊಂಡು ಹೋಗುವವರೆಲ್ಲ ಒಂದು ಗಳಿಗೆ ನಿಂತು ಅದನ್ನು ನೋಡಿ ನಕ್ಕು ಮುಂದೆ ಹೋಗುತ್ತಿದ್ದರು. ಆದರೆ ಗುಂಡಿ ಒತ್ತಿದೊಡನೆ ಅದರ ಎಡಗಡೆಯ ಸೀಟು ಗುಂಯ್ ಎಂದು ತಿರುಗಿ, ಬಾಗಿಲಿನಿಂದ ಹೊರಕ್ಕೆ ಚಾಚಿ, ಕೂತವಳನ್ನು ಕೂತ ಹಾಗೆಯೇ ನೆಲದ ಹತ್ತಿರಕ್ಕೆ ಇಳಿಸುವಾಗ, ಒಳಗಿನಿಂದ ಒಬ್ಬ ಹೆಂಗಸಿನ ಧ್ವನಿ ಜಪಾನಿ ಭಾಷೆಯಲ್ಲಿ ಬಹಳ ಮರ್ಯಾದೆಯಿಂದ ಏನೋ ಹೇಳುತ್ತಿತ್ತು. ಹುಷಾರು ಎನ್ನುತ್ತಿದ್ದಾಳೋ, ಇನ್ನು ನಿನ್ನ ಪಾಡು ನಿನಗೆ ಎನ್ನುತ್ತಿದ್ದಾಳೋ, ಯಾರಿಗೆ ಗೊತ್ತು.

ಹಿಂದೆ ಅವಳು ಹೀಗಿರಲಿಲ್ಲ. ಮೈಸೂರಿನ ಒಂಟಿಕೊಪ್ಪಲಿನಲ್ಲಿದ್ದಾಗ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಕೈನೆಟಿಕ್ ಗಾಡಿಯ ಮೇಲೆ ಮುಂದೆ ತರಕಾರಿ ಚೀಲ, ಹಿಂದೆ ಮಗಳು ಗಾನವಿ, ಭುಜಕ್ಕೆ ಉತ್ತರ ಪತ್ರಿಕೆಗಳ ಕಟ್ಟು ಹೇರಿಕೊಂಡು ದೇವರಾಜ ಮಾರುಕಟ್ಟೆಯ ಸಂದಿಯಲ್ಲಿ ನುಗ್ಗುತ್ತಿದ್ದಳು. ಸಿಟಿ ಬಸ್ಸಿನ ಡ್ರೈವರುಗಳೇ ಅವಳಿಗೆ ದಾರಿ ಬಿಡುತ್ತಿದ್ದರು. ಗಂಡ ಜಯದೇವ ಅವಳ ಹಿಂದೆ ಕೂರಬೇಕಾಗಿ ಬಂದರೆ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದ. ಅವನ ಸಾಫ್ಟ್‌ವೇರ್ ಕೆಲಸದ ಮೇಲೆ ಈ ದೇಶಕ್ಕೆ ಬಂದ ಮೇಲೂ ಅಷ್ಟೇ, ಎದುರುಗಾಳಿಯಲ್ಲಿ ಸೈಕಲ್ ತುಳಿಯುವುದನ್ನು ಅವಳು ಅವನಿಗಿಂತ ಮೊದಲು ಕಲಿತಳು.

ಆಮೇಲೆ ನರದ ಕಾಯಿಲೆ ಬಂತು. ಡಾಕ್ಟರು ಹೇಳಿದ ಹೆಸರು ಬಹಳ ಉದ್ದ ಇತ್ತು. ಮೊದಲು ಸೈಕಲ್ ಹೋಯಿತು, ಆಮೇಲೆ ಮೆಟ್ಟಿಲು. ಒಂದು ದಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ಟ್ರಾಮಿನ ಹಳಿ ದಾಟುವಾಗ ನಡುವೆಯೇ ಕಾಲು ಕಿತ್ತಿಡಲು ಬರಲಿಲ್ಲ. ಟ್ರಾಮು ಬಂತು, ಗಂಟೆ ಹೊಡೆಯಿತು, ಅವಳ ಮುಂದೆ ಬಂದು ನಿಂತಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಟ್ರಾಮಿನ ತುಂಬ ಜನ ಗಾಜಿನೊಳಗಿಂದ ಅವಳನ್ನೇ ನೋಡುತ್ತ ತಾಳ್ಮೆಯಿಂದ ಕಾದರು. ಅವತ್ತು ಮೈಗೆ ಏಟೇನೂ ಆಗಲಿಲ್ಲ, ಆದರೆ ಅವತ್ತು ಹೊಕ್ಕ ಭಯ ಆಚೆ ಹೋಗಲಿಲ್ಲ.

ಗಾಲಿಕುರ್ಚಿಗೆ ಬಂದ ಮೇಲೆ ಊರಿನ ಗೆಮೇಂಟೆಯವರು, ಎಂದರೆ ಪುರಸಭೆಯವರು, ಟ್ಯಾಕ್ಸಿ ಕೊಟ್ಟರು. ಮುಂಚೆಯೇ ಹೇಳಿಟ್ಟರೆ ವ್ಯಾನು ಬರುತ್ತಿತ್ತು. ಹಿಂದುಗಡೆ ಕುರ್ಚಿಯ ಸಮೇತ ಬೆಲ್ಟು ಬಿಗಿದು ಕರೆದುಕೊಂಡು ಹೋಗುತ್ತಿತ್ತು. ಒಂದೆರಡು ಸಲ ಹೋಗಿ ಬಂದು ಅವಳು ಸಾಕು ಎಂದಳು. ಪಾರ್ಸಲ್ ಆಗಿ ಹೋಗಲು ತನಗೆ ಎಲ್ಲೂ ಕೆಲಸವಿಲ್ಲ ಎಂದಳು. ಮನೆಯಲ್ಲೇ ಕೂತು ಮೈಸೂರಿನ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡತೊಡಗಿದಳು. ಮಗಳು ಡೆಲ್ಫ್ಟ್‌ಗೆ ಎಂಜಿನಿಯರಿಂಗ್ ಓದಲು ಹೋದಳು, ಅಲ್ಲೇ ಮಾಸ್ಟರ್ಸ್ ಕೂಡ ಮುಗಿಯುತ್ತ ಬಂತು, ತಾಯಿ ಅವಳ ಕೋಣೆಯನ್ನು ಇನ್ನೂ ನೋಡಿರಲಿಲ್ಲ. ಕೊನೆಯ ಪ್ರೆಸೆಂಟೇಶನ್‌ಗೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದಳು. ಹೇಗೆ ಬರುತ್ತೇನೆ ಎಂದು ಮಾತ್ರ ಹೇಳಿರಲಿಲ್ಲ.

ಜಯದೇವ ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳುವ ಮೊದಲೂ ನಾಲ್ಕಾರು ವಿಡಿಯೋ ನೋಡುವ ಆಸಾಮಿ. ಹಾಗೆ ನೋಡುತ್ತ ನೋಡುತ್ತ ಅವನಿಗೆ ಜಪಾನಿನ ಈ ಕಾರುಗಳು ಕಣ್ಣಿಗೆ ಬಿದ್ದವು. ಅಲ್ಲಿ ವಯಸ್ಸಾದವರ ಮನೆಗಳಲ್ಲಿ ಇಂಥವು ಬೇಕಾದಷ್ಟಿದ್ದವು, ಬಳಸಿದ ಮೇಲೆ ಹರಾಜಿಗೆ ಬರುತ್ತಿದ್ದವು. ಅವನ ಆಫೀಸಿನ ಸುಹೈಲ್, ಶಿವಮೊಗ್ಗದ ಹುಡುಗ, ಹಿಂದೊಮ್ಮೆ ಜಪಾನಿನಿಂದ ಹಳೆಯ ಜೀಪೊಂದನ್ನು ತರಿಸಿಕೊಂಡಿದ್ದ. ಹರಾಜಿನಿಂದ ಹಿಡಿದು ರಾಟರ್‌ಡ್ಯಾಮ್ ಬಂದರಿನವರೆಗೆ ಎಲ್ಲ ದಾರಿ ಅವನೇ ತೋರಿಸಿದ. ಸ್ಟೀರಿಂಗ್ ಬಲಗಡೆ ಇರುತ್ತದಲ್ಲ ಎಂದು ಚಂದ್ರಪ್ರಭಾ ಅನುಮಾನಿಸಿದಾಗ ಅವನು ನಕ್ಕುಬಿಟ್ಟ.

"ನಮ್ಗೇ ಒಳ್ಳೇದಲ್ವಾ ಮೇಡಂ? ಊರಲ್ಲಿ ಓಡ್ಸಿದ ಹಾಗೇ ಇರುತ್ತೆ."

ಹಡಗು ಆಫ್ರಿಕಾ ಸುತ್ತಿಕೊಂಡು ಬಂತು. ಜಯದೇವ ಊಟಕ್ಕೆ ಕೂತಾಗಲೂ ಮೊಬೈಲಿನಲ್ಲಿ ಅದರ ಚುಕ್ಕೆಯನ್ನು ಹೆಂಡತಿಗೆ ತೋರಿಸುತ್ತಿದ್ದ. ಅವಳು ಹೂಂ ಎನ್ನುತ್ತಿದ್ದಳು. ಗಾಳಿ ಜೋರಾಗಲಿ, ಚುಕ್ಕೆ ಅಲ್ಲೇ ನಿಲ್ಲಲಿ, ಗಾನವಿಯ ದಿನ ಕಳೆದ ಮೇಲೆ ಬೇಕಾದರೆ ಬರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಗಂಡ ಇಷ್ಟು ಆಸೆಯಿಂದ ತರಿಸುತ್ತಿರುವಾಗ ನನಗೆ ಹೊರಗೆ ಹೋಗುವುದೇ ಭಯ ಎಂದು ಹೇಳುವುದು ಹೇಗೆ?

ಹಡಗು ಸಮಯಕ್ಕೆ ಸರಿಯಾಗಿ ಬಂತು. ರಿಜಿಸ್ಟ್ರೇಶನ್ನಿಗೆ ಮುಂಚೆ ತಪಾಸಣೆಯಲ್ಲಿ ದೀಪಗಳನ್ನು ಬದಲಿಸಲು ಹೇಳಿದರು. ಎಡಕ್ಕೆ ಓಡಿಸುವ ದೇಶದ ದೀಪ ಎಡಕ್ಕೆ ಬೆಳಕು ಚೆಲ್ಲುತ್ತದೆ, ಬಲಕ್ಕೆ ಓಡಿಸುವ ಈ ದೇಶದಲ್ಲಿ ಅದು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಜಯದೇವ ಶ್ರದ್ಧೆಯಿಂದ ಬದಲಿಸಿದ. ಮನೆಯ ಮುಂದಿನ ಅಂಗಳದಲ್ಲಿ ನಿಲ್ಲಿಸಿ ಸೀಟನ್ನು ಮತ್ತೆ ಮತ್ತೆ ಇಳಿಸಿ ಹತ್ತಿಸಿ ನೋಡಿದ. ಎಲ್ಲ ಸರಿಯಾಗಿತ್ತು. ಇಡೀ ಕಾರನ್ನು ಬಲಕ್ಕೆ ಹೊಂದಿಸಿದೆ ಎಂದು ಅವನು ನಂಬಿದ್ದ.

ಮೊದಲ ಸಲ ಹೊರಟದ್ದು ಫಿಸಿಯೋಥೆರಪಿಗೆ. ರಸ್ತೆಯ ಬಲಬದಿಯಲ್ಲಿ ಚೊಕ್ಕವಾಗಿ ನಿಲ್ಲಿಸಿ, ಈಚೆ ಸುತ್ತಿ ಬಂದು ಬಾಗಿಲು ತೆಗೆದು ಗುಂಡಿ ಒತ್ತಿದ. ಸೀಟು ತಿರುಗಿತು, ಹೊರಗೆ ಚಾಚಿತು. ಚಂದ್ರಪ್ರಭಾ ಕಾಲ ಕೆಳಗೆ ನೋಡಿದಳು. ಅಲ್ಲಿ ಫುಟ್‌ಪಾತು ಇರಲಿಲ್ಲ. ಕೆಂಪು ಬಣ್ಣದ ಸೈಕಲ್ ಹಾದಿ ಇತ್ತು, ಅದರಾಚೆ ರಸ್ತೆ ಇತ್ತು. ಊಟದ ಪೆಟ್ಟಿಗೆ ಹೊತ್ತ ಬ್ಯಾಟರಿ ಸೈಕಲ್ಲೊಂದು ಅವಳ ಮೊಣಕಾಲನ್ನು ಸವರಿದಂತೆ ಹೋಯಿತು. ಹಿಂದೆ ಇನ್ನೊಂದು ಗಂಟೆ ಹೊಡೆಯಿತು. ಜಯದೇವ ಗಾಬರಿಯಲ್ಲಿ ಗುಂಡಿ ಬಿಟ್ಟ, ಸೀಟು ನಡುಗಾಳಿಯಲ್ಲಿ ನಿಂತಿತು. ಮತ್ತೆ ಒತ್ತಿದರೆ ಒಳಗೆ ಹೋಗುವ ಬದಲು ಇನ್ನೂ ಕೆಳಗೆ ಇಳಿಯಿತು. ಜಪಾನಿ ಹೆಂಗಸು ತನ್ನ ಮಾತು ಮುಂದುವರಿಸಿದಳು. ಮಕ್ಕಳನ್ನು ಕೂರಿಸಿಕೊಂಡ ಗಾಡಿಯಂಥ ಸೈಕಲ್ಲಿನವಳೊಬ್ಬಳು ಬಂದು ನಿಂತು, ಅವಸರವೇನಿಲ್ಲ, ಪರವಾಗಿಲ್ಲ ಎಂದು ಡಚ್ಚಿನಲ್ಲಿ ಹೇಳಿ ತಾಳ್ಮೆಯಿಂದ ಕಾದಳು. ಅದೇ ತಾಳ್ಮೆ.

ಜಯದೇವ ಅವಳನ್ನು ಹೇಗೋ ಒಳಗೆ ಸೇರಿಸಿ ಬಾಗಿಲು ಹಾಕಿ ಬಂದು ಕೂತ.

"ಎಡಗಡೆ ಅಂದ್ರೆ ಫುಟ್‌ಪಾತು ಅಂತಾನೇ ತಲೇಲಿತ್ತು ಪ್ರಭಾ," ಅಂದ.

ಅವಳ ತಲೆಯಲ್ಲೂ ಹಾಗೇ ಇತ್ತು. ಸುಹೈಲನ ತಲೆಯಲ್ಲೂ. ವಿಡಿಯೋದಲ್ಲಿ ಜಪಾನಿನ ಅಜ್ಜಿ ಎಡಕ್ಕೆ ಇಳಿಯುತ್ತಿದ್ದಳು, ಮೈಸೂರಿನಲ್ಲಿ ಬಸ್ಸಿನಿಂದ, ಆಟೋದಿಂದ ಇವರೆಲ್ಲ ಎಡಕ್ಕೇ ಇಳಿದವರು. ಒಬ್ಬ ಡಚ್ಚನನ್ನು ಕೇಳಿದ್ದರೆ ಮೊದಲನೇ ದಿನವೇ ಹೇಳುತ್ತಿದ್ದ. ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮನೆಯ ಅಂಗಳದಲ್ಲಿ ಸೀಟು ಇಳಿಯುವ ಕಡೆ ಬೇಲಿ ಇತ್ತು, ಅಷ್ಟೇ.

ಸೋಲೊಪ್ಪಿಕೊಳ್ಳುವುದು ಜಯದೇವನ ಜಾಯಮಾನವಲ್ಲ. ಎರಡು ದಿನ ತಲೆ ಕೆಡಿಸಿಕೊಂಡು ದಾರಿ ಕಂಡುಹಿಡಿದ. ಈ ದೇಶದಲ್ಲಿ ರಸ್ತೆಯ ಎಡಬದಿಗೆ ಬಂದು ನಿಲ್ಲಿಸಿದರೂ ಯಾರೂ ಬೇಡವೆನ್ನುವುದಿಲ್ಲ. ಸದ್ದುಗದ್ದಲವಿಲ್ಲದ ಬೀದಿ ನೋಡಿ, ದಾಟಿ, ಎಡಕ್ಕೆ ನಿಲ್ಲಿಸಿದರೆ ಸೀಟು ನೇರವಾಗಿ ಫುಟ್‌ಪಾತಿನ ಮೇಲೆ ಇಳಿಯುತ್ತದೆ. ಚಂದ್ರಪ್ರಭಾ ಬೇಡ ಎನ್ನಬೇಕೆಂದಿದ್ದಳು. ಅದೇ ಹೊತ್ತಿಗೆ ಗಾನವಿಯ ಫೋನು ಬಂತು. ಮುಂದಿನ ಸಾಲಿನಲ್ಲಿ ಕುರ್ಚಿ ತೆಗೆಸಿ ಅಮ್ಮನಿಗೆ ಜಾಗ ಮಾಡಿಸಿದ್ದೇನೆ ಎಂದಳು. ಚಂದ್ರಪ್ರಭಾ ಬರುತ್ತೇನೆ ಎಂದುಬಿಟ್ಟಳು.

ಡೆಲ್ಫ್ಟ್‌ವರೆಗಿನ ಹೆದ್ದಾರಿಯುದ್ದಕ್ಕೂ ಅವಳಿಗೆ ಜೀವ ಬಾಯಿಗೆ ಬಂದಿತ್ತು. ಡ್ರೈವರ್ ಇರಬೇಕಾದ ಜಾಗದಲ್ಲಿ ಅವಳು ಕೂತಿದ್ದಳು, ಕೈಯಲ್ಲಿ ಸ್ಟೀರಿಂಗ್ ಇಲ್ಲ. ಹಿಂದಿನಿಂದ ಬರುವ ಕಾರುಗಳೆಲ್ಲ ಅವಳ ಕಿವಿಯ ಪಕ್ಕದಲ್ಲೇ ನುಗ್ಗಿ ಹೋಗುತ್ತಿದ್ದವು. ಬಲಗಡೆ ಕೂತ ಜಯದೇವನಿಗೆ ಎಡಗಡೆಯ ಸಾಲು ಸರಿಯಾಗಿ ಕಾಣದು. "ಎಡಗಡೆ ಖಾಲಿ ಇದ್ಯಾ ನೋಡು," ಎಂದು ಕೇಳಿದ. ಅವಳು ಕಣ್ಣು ಮುಚ್ಚಿದ್ದಳು. ನೋಡಿ ಹೇಳಿ, ಹೇಳಿದ್ದು ತಪ್ಪಾಗಿಬಿಟ್ಟರೆ? ಮತ್ತೊಮ್ಮೆ ಕೇಳಿದಾಗ ಗೊತ್ತಾಗ್ತಿಲ್ಲ ಎಂದಳು. ಪಾಪ, ಅವನು ಹೂವು ತುಂಬಿದ ಲಾರಿಯೊಂದರ ಹಿಂದೆ ಬಿದ್ದು, ಅದರ ಬೆನ್ನು ನೋಡಿಕೊಂಡೇ ಊರು ಸೇರಿದ.

ಗಾನವಿ ಒಡ್ಡುಗಳ ಅಡಿಯಲ್ಲಿ ನೀರು ಹೇಗೆ ಜಿನುಗುತ್ತದೆ ಎಂಬ ಬಗ್ಗೆ ಮಾತಾಡಿದಳು. ಅರ್ಧಕ್ಕರ್ಧ ಚಂದ್ರಪ್ರಭಾಗೆ ಅರ್ಥವಾಯಿತು, ಗಣಿತವಿದ್ದ ಜಾಗಗಳೆಲ್ಲ ಅರ್ಥವಾದವು. ಮಗಳು ಪ್ರಶ್ನೆಗಳಿಗೆ ಉತ್ತರ ಹೇಳುವಾಗ ಒಮ್ಮೊಮ್ಮೆ ಮುಂದಿನ ಸಾಲಿನ ಕಡೆ ನೋಡುತ್ತಿದ್ದಳು. ಆಮೇಲೆ ಕೋಣೆಗೆ ಹೋದರು. ಮೈಸೂರಿನಿಂದ ತಂದ ಇಡ್ಲಿ ಪಾತ್ರೆಯಲ್ಲಿ ಮಗಳು ಕೊತ್ತಂಬರಿ ಬೆಳೆಸಿದ್ದಳು. ತಾಯಿ ಅದಕ್ಕೆ ಬೈದಳು, ಬೈದದ್ದಕ್ಕೆ ಇಬ್ಬರೂ ನಕ್ಕರು. ಹೊರಡುವಾಗ ಗಾನವಿ ಬಗ್ಗಿ ಅವಳ ಕೆನ್ನೆಗೆ ಕೆನ್ನೆ ಇಟ್ಟಳು.

"ಅಮ್ಮ, ಫೋನಲ್ಲಿ ಸಾಕಾಗಿದೆ. ಇನ್ಮೇಲೆ ಹೀಗೇ ಬರ್ತಾ ಇರು, ಪ್ಲೀಸ್."

ಕಾರು ಬೀದಿಯ ಎಡಬದಿಯಲ್ಲಿತ್ತು. ಸೀಟು ಫುಟ್‌ಪಾತಿನಿಂದ ಅವಳನ್ನು ಮೆಲ್ಲಗೆ ಎತ್ತಿ ಒಳಗೆ ತಂದಿತು. ಸೈಕಲ್ಲಿಲ್ಲ, ಗಂಟೆಯಿಲ್ಲ. ಜಯದೇವ ಗಾಲಿಕುರ್ಚಿಯನ್ನು ಹಿಂದೆ ಇಟ್ಟು ಬಂದು ಬಲಗಡೆ ಕೂತು ಕಾರು ತೆಗೆದ. ಅವಳು ಕಿಟಕಿಯಿಂದ ನೋಡಿದಳು. ಎಡಗಡೆ ಫುಟ್‌ಪಾತು, ಎಡಗಡೆ ಮರಗಳ ಸಾಲು, ಸಂಜೆಯ ಬಿಸಿಲು. ಮೈ ಹಗುರವಾಯಿತು. ಟ್ರಾಮಿನ ದಿನದಿಂದ ಈಚೆಗೆ ಮೊದಲ ಬಾರಿ ರಸ್ತೆಯಲ್ಲಿದ್ದೂ ಅವಳಿಗೆ ಭಯವಾಗಲಿಲ್ಲ. ಎಲ್ಲ ಇರಬೇಕಾದ ಜಾಗದಲ್ಲೇ ಇದೆ ಅನ್ನಿಸಿತು. ಒಂಟಿಕೊಪ್ಪಲಿನ ರಸ್ತೆಯಲ್ಲಿ ಹೋಗುತ್ತಿದ್ದಂತೆ ಇತ್ತು. ಜಯದೇವ ಕೂಡ ಸುಖವಾಗಿ ಒಂದು ಕೈಯಲ್ಲಿ ಓಡಿಸುತ್ತ, ಮಗಳು ಆ ಕೊನೆಯ ಪ್ರಶ್ನೆಗೆ ಕೊಟ್ಟ ಉತ್ತರದ ಬಗ್ಗೆ ಹೇಳುತ್ತಿದ್ದ.

ತಿರುವಿನಿಂದ ಬಸ್ಸು ಬಂತು. ನೇರ ಎದುರಿಗೆ ಬಂತು.

ಈ ಡ್ರೈವರನಿಗೆ ಏನಾಗಿದೆ, ನಮ್ಮ ಕಡೆಗೆ ಯಾಕೆ ಬರುತ್ತಿದ್ದಾನೆ ಎಂದು ಅವಳು ಮೊದಲು ಅಂದುಕೊಂಡಳು. ಆಮೇಲೆ ಹೊಳೆಯಿತು. ತಪ್ಪು ಕಡೆ ಇದ್ದದ್ದು ಬಸ್ಸಲ್ಲ.

"ಬಲಕ್ಕೆ," ಎಂದಳು. ಕೂಗು ಬರಲಿಲ್ಲ, ತರಗತಿಯ ಹಿಂದಿನ ಬೆಂಚಿಗೆ ಹೇಳುವ ಗಟ್ಟಿ ಧ್ವನಿ ಬಂತು. "ಬಲಕ್ಕೆ ತಗೊಳ್ಳಿ."

ಅವನು ತಿರುಗಿಸಿದ. ಬಸ್ಸಿನ ಹಾರನ್ನು ಕಿವಿ ತುಂಬಿತು, ಅದರ ಬಿಳಿಯ ಮೈ ಅವಳ ಕಿಟಕಿಯ ಗಾಜಿಗೆ ಅಂಟಿದಂತೆ ಸರಿದು ಹೋಯಿತು. ಒಳಗೆ ಕೂತವರ ಮುಖಗಳು ಅವಳಿಗೆ ಒಂದೊಂದಾಗಿ ಕಂಡವು.

ಅಂಗಡಿಯೊಂದರ ಮುಂದಿನ ಪಾರ್ಕಿಂಗಿನಲ್ಲಿ ಜಯದೇವ ಕಾರು ನಿಲ್ಲಿಸಿದ. ಸ್ಟೀರಿಂಗ್ ಬಿಡಲು ಅವನ ಬೆರಳಿಗೆ ಬರುತ್ತಿರಲಿಲ್ಲ. ಇಷ್ಟು ವರ್ಷ ಈ ದೇಶದ ಕಾರಿನಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ ಎಂದ, ಎಡಕ್ಕೆ ನಿಲ್ಲಿಸಿ ಬಲಗಡೆ ಕೂತದ್ದೇ ತಡ, ಕೈ ತಾನಾಗಿಯೇ ಊರಿಗೆ ಹೋಗಿಬಿಟ್ಟಿತು ಎಂದ. ನಾಳೆಯೇ ಇದನ್ನು ಮಾರಿಬಿಡುತ್ತೇನೆ ಎಂದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಮದುವೆಯಾದ ಮೇಲೆ ಅವನು ಹೀಗೆ ಹೆದರಿದ್ದನ್ನು ಅವಳು ಕಂಡಿರಲಿಲ್ಲ.

ಮಾರಲಿ ಎನ್ನುವುದು ಎಷ್ಟು ಸುಲಭವಾಗಿತ್ತು. ಒಂದು ಹೂಂ ಸಾಕಿತ್ತು. ಮತ್ತೆ ಮನೆ, ಲ್ಯಾಪ್‌ಟಾಪು, ಫೋನಿನಲ್ಲಿ ಮಗಳ ಮುಖ. ಭಯ ಪೂರ್ತಿಯಾಗಿ ವಾಪಸು ಬಂದಿತ್ತು. ಬಂದದ್ದು ಒಂದು ರೀತಿ ಒಳ್ಳೆಯದೇ ಆಯಿತು ಎಂದೂ ಅವಳಿಗೆ ಅನ್ನಿಸಿತು.

"ಬರೋವಾಗ ಅಷ್ಟು ದೂರ ಹೆದರ್ಕೊಂಡೇ ಬಂದೆ ಕಣ್ರೀ, ಏನೂ ಆಗ್ಲಿಲ್ಲ," ಎಂದಳು. "ಈಗ ಒಂದು ಗಳಿಗೆ ಭಯ ಬಿಟ್ಟೆ ನೋಡಿ."

ಜಯದೇವ ಸ್ಟೀರಿಂಗಿನಿಂದ ಕೈ ತೆಗೆದ.

"ಮಾರೋದು ಬೇಡ. ನೀವು ಓಡ್ಸಿ. ಹೆದರೋ ಕೆಲಸ ನನಗೆ ಬಿಡಿ. ಆದ್ರೆ ನಾನು ಹೇಳೋವರ್ಗೂ ಕಾರು ಕದಲಬಾರ್ದು."

ಅವನು ಮೂಗು ಒರೆಸಿಕೊಂಡು ಕಾರು ಸ್ಟಾರ್ಟ್ ಮಾಡಿದ. ಪಾರ್ಕಿಂಗಿನ ಬಾಯಿಗೆ ತಂದು ನಿಲ್ಲಿಸಿ ಕಾದ. ಚಂದ್ರಪ್ರಭಾ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಮುಂದಕ್ಕೆ ಬಗ್ಗಿದಳು. ಕಣ್ಣು ಮುಚ್ಚಲಿಲ್ಲ. ಎಡದಿಂದ ಒಂದು ಸೈಕಲ್ಲು ಬಂತು, ಹೋಯಿತು. ಒಂದು ವ್ಯಾನು ಬಂತು, ಹೋಯಿತು. ಹಿಂದೆ ನಿಂತ ಕಾರಿನವನು ತಾಳ್ಮೆಯಿಂದ ಕಾಯುತ್ತಿದ್ದ. ಕಾಯಲಿ ಎಂದುಕೊಂಡಳು. ಇನ್ನೊಮ್ಮೆ ಆ ಕಡೆ ಈ ಕಡೆ ನೋಡಿದಳು.

"ಈಗ," ಎಂದಳು. "ಬಲಕ್ಕೆ."