ಪಿಎಚ್‌ಪಿ ಮುಟ್ಟಿದರೆ ಮೈಲಿಗೆಯೇ?

ಗೆಳೆಯರೇ, ಇವತ್ತು ತುಮಕೂರಿನ ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಮಡಿವಂತಿಕೆಗೆ ಸರಿಯಾದ ಏಟು ಬಿತ್ತು. ಹೊಸ ಪ್ರಾಜೆಕ್ಟಿಗೆ ಜನರನ್ನು ಆರಿಸುತ್ತಿದ್ದ ಟೀಮ್ ಲೀಡ್, ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಚೇಳೂರಿನ ಮಂಜುಳಾಳ ಹೆಸರನ್ನು ಬೋರ್ಡಿನಿಂದ ಅಳಿಸಿದ. "ಪಿಎಚ್‌ಪಿ ಬರೆಯೋರು ಬೇಡ. ಇದು ಪೈಥಾನ್ ಟೀಮು."

ನನಗೆ ಉರಿಯಿತು. "ಬೇಸಿಕ್, ಫಾಕ್ಸ್‌ಪ್ರೊ, ಜಾವಾ, ಪೈಥಾನ್ ಎಲ್ಲಾ ಕಲ್ತಿದೀನಿ ಕಣಪ್ಪಾ. ಯಾವ ಭಾಷೆನೂ ಇನ್ನೊಂದನ್ನ ಹೊರಗೆ ನಿಲ್ಸು ಅನ್ನಲಿಲ್ಲ!"

"ನೀವು ಹಳಬರು, ಬಿಡಿ ಸಾರ್" ಎಂದು ನಕ್ಕ.

ಮಂಜುಳಾ ಎದ್ದು ನಿಂತಳು. "ಪೈಥಾನೂ ಕಲೀತೀನಿ ಸಾರ್. ಆದ್ರೆ ಬೆಳಿಗ್ಗೆ ನೀವು ಹಾಜರಿ ಹಾಕಿದ್ರಲ್ಲ, ಆ ಪೇಜು ನಾನು ಪಿಎಚ್‌ಪೀಲಿ ಬರ್ದಿದ್ದು. ಸ್ನಾನ ಮಾಡ್ಕಂಡು ಬರ್ತೀರಾ?"

ಆಫೀಸಿಗೆ ಆಫೀಸೇ ಮೇಜು ಕುಟ್ಟಿ ನಕ್ಕಿತು. ಅಳಿಸಿದ ಕೈಯೇ ಅವಳ ಹೆಸರನ್ನು ಮತ್ತೆ ಬರೆಯಿತು.

ಸಂಜೆಯವರೆಗೂ ನೋಡಿದೆ. ಪೈಥಾನಿಗೆ ಯಾವ ಮೈಲಿಗೆಯೂ ತಟ್ಟಿಲ್ಲ.