ಭಾವನವರ ಫೋರ್-ಸ್ಟ್ರೋಕ್

ನಮ್ಮ ಭಾವನಿಗೆ, ಅಂದರೆ ನನ್ನ ಅಕ್ಕನ ಗಂಡನಿಗೆ, ಈ ಲೋಕದಲ್ಲಿ ಗೊತ್ತಿಲ್ಲದ ವಿಷಯ ಒಂದೇ ಒಂದು: ಬಾಯಿ ಮುಚ್ಚುವುದು ಹೇಗೆ ಎಂಬುದು. ಉಳಿದದ್ದೆಲ್ಲ ಗೊತ್ತು. ಹಲ್ಲುನೋವಿಗೆ ಏನು ಅರೆಯಬೇಕು, ಚಂದ್ರನ ಮೇಲೆ ನೀರು ಹುಡುಕುವವರು ಎಲ್ಲಿ ಎಡವಿದರು, ಹೊಸದಾಗಿ ಮದುವೆಯಾದವರು ಮಂಚವನ್ನು ಯಾವ ಗೋಡೆಗೆ ತಾಗಿಸಬೇಕು, ಎಲ್ಲವೂ. ಹೊಟ್ಟೆಪಾಡಿಗೆ ಅವರು ದೋಣಿ ನಡೆಸುತ್ತಿದ್ದರು. ಎಂಟು ಜನ ಕೂರುವ ಪುಟ್ಟ ದೋಣಿ, ಅದರ ಹಿಂಬದಿಗೆ ಕಚ್ಚಿಕೊಂಡ ಒಂದು ಮೋಟಾರು. ಈ ದಡದ ಮನೆಗಳಿಂದ ಆ ದಡದ ಆಸ್ಪತ್ರೆ, ಶಾಲೆ, ಅಂಚೆ ಕಚೇರಿಗೆ ಜನರನ್ನು ದಾಟಿಸುವ ಕೆಲಸ. ಊರು ಅವರನ್ನು ಕ್ಯಾಪ್ಟನ್ ಅನ್ನುತ್ತಿತ್ತು. ಅದರೊಳಗಿನ ತಮಾಷೆ ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ತಿಳಿದಿತ್ತು.

ಮನೆಯಲ್ಲಿ ಅವರ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಅವರು ಬಾಯಿ ತೆರೆದರೆ ಅಕ್ಕ ಮಿಕ್ಸಿ ಹಾಕುತ್ತಿದ್ದಳು. ಮಗಳು ಪರೀಕ್ಷೆಯಿಲ್ಲದ ದಿನವೂ ಪುಸ್ತಕ ಹಿಡಿದು ಕೋಣೆ ಸೇರುತ್ತಿದ್ದಳು. ಆದರೆ ದೋಣಿಯಲ್ಲಿ ಹಾಗಲ್ಲ. ಒಂದು ಕೈಯಲ್ಲಿ ಮೋಟಾರಿನ ಹಿಡಿ, ಇನ್ನೊಂದು ಕೈ ಗಾಳಿಯಲ್ಲಿ. ಭಾವ ಶುರುಮಾಡಿದರೆಂದರೆ ಎಂಟಕ್ಕೆ ಎಂಟೂ ತಲೆಗಳು ಕೋಲೆಬಸವನ ಹಾಗೆ ಆಡುತ್ತಿದ್ದವು. ಶಾಲೆಯ ಮೇಷ್ಟ್ರು ಮುಗುಳ್ನಗುತ್ತಿದ್ದರು. ನರ್ಸಮ್ಮ ಆಗಾಗ ಹುಬ್ಬೇರಿಸುತ್ತಿದ್ದಳು. ಅಂಚೆ ಕಚೇರಿಗೆ ದಿನಾ ಹೋಗುವ ನಾನೂ ಮೈದುನನ ಧರ್ಮ ಅಂತ ಒಂದೆರಡು ಸಲ ತಲೆ ಕುಣಿಸುತ್ತಿದ್ದೆ. ಜನ ತಮ್ಮ ಮಾತು ಕೇಳುವುದಕ್ಕೇ ದೋಣಿ ಹತ್ತುತ್ತಾರೆ ಎಂದು ಭಾವ ಗಾಢವಾಗಿ ನಂಬಿದ್ದರು. ಮಿಕ್ಸಿಯ ಮನೆಯಿಂದ ಪ್ರತಿ ಬೆಳಿಗ್ಗೆ ಅವರು ಎದೆಯುಬ್ಬಿಸಿ ಹೊರಡುತ್ತಿದ್ದದ್ದು ಆ ನಂಬಿಕೆಯೊಂದರ ಬಲದಿಂದ. ಅದನ್ನು ಕಿತ್ತುಕೊಂಡರೆ ಆ ಮನುಷ್ಯನಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಇದ್ದ ಮೋಟಾರು ಟೂ-ಸ್ಟ್ರೋಕ್. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು. ಕುಡಿದದ್ದರಲ್ಲಿ ಅರ್ಧವನ್ನು ಅದು ನೀಲಿ ಹೊಗೆಯಾಗಿ ನಮ್ಮ ಮುಖಕ್ಕೇ ಉಗಿಯುತ್ತಿತ್ತು. ಸದ್ದಂತೂ ಕೇಳಬೇಡಿ, ತಗಡಿನ ಮಾಡಿನ ಮೇಲೆ ಜಲ್ಲಿ ಸುರಿದ ಹಾಗೆ. ಒಂದು ದಿನ ನಡುಹೊಳೆಯಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ರಿಪೇರಿಯೇನೋ ಆಯಿತು, ಆದರೆ ಭಾವನ ತಲೆಗೆ ಹೊಸ ಮೋಟಾರಿನ ಹುಳ ಹೊಕ್ಕಿತು. ಮತ್ತೆ ಟೂ-ಸ್ಟ್ರೋಕೋ, ಇಲ್ಲ ಫೋರ್-ಸ್ಟ್ರೋಕೋ?

ಮಳೆಗಾಲವಿಡೀ ಅಳೆದರು, ಸುರಿದರು. ಸಿಕ್ಕಸಿಕ್ಕವರನ್ನು ಕೇಳಿದರು, ಅವರು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ತಾವೇ ಹೇಳಿದರು. ಮೆಕ್ಯಾನಿಕ್ ಹೇಗೋ ಸಂದಿ ಹುಡುಕಿ, "ಟೂ-ಸ್ಟ್ರೋಕ್ ಹಗುರ ಸ್ವಾಮಿ. ಕೆಟ್ರೆ ದಡದಲ್ಲೇ ಬಿಚ್ಚಿ ಸರಿ ಮಾಡ್ಕೋಬಹುದು" ಅಂದ. ಮೋಟಾರು ಅಂಗಡಿಯವನು, "ಫೋರ್-ಸ್ಟ್ರೋಕ್ ತೂಕ, ನಿಜ. ಆದ್ರೆ ಪೆಟ್ರೋಲ್ ಉಳಿಯುತ್ತೆ, ಹೊಗೆ ಇಲ್ಲ, ಎಣ್ಣೆ ಬೆರೆಸೋ ಗೋಳಿಲ್ಲ" ಅಂದ. ಅಂದವನು ಅಂಗಡಿಯ ಹಿತ್ತಲಲ್ಲಿ ನೀರು ತುಂಬಿದ ಡ್ರಮ್ಮಿಗೆ ಮೋಟಾರು ಇಳಿಸಿ ಓಡಿಸಿಯೂ ತೋರಿಸಿದ.

"ನೋಡಿ, ಓಡ್ತಾ ಇದೆ. ನಾನು ಪಿಸುಗುಟ್ಟಿದ್ರೂ ನಿಮಗೆ ಕೇಳ್ಸುತ್ತೆ."

ಭಾವನ ಕಣ್ಣು ಅರಳಿತು. "ಅಂದ್ರೆ, ನಾನು ಮಾತಾಡಿದ್ರೆ ಮುಂದಿನ ಹಲಗೇಲಿ ಕೂತವರಿಗೂ?"

"ಒಂದೊಂದಕ್ಷರವೂ."

ತೂಕ, ಪೆಟ್ರೋಲು, ಹೊಗೆ ಎಲ್ಲ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಸುದ್ದಿ ಹೇಳಿದಾಗ ಅಕ್ಕ ಮಾತ್ರ ಬೆಚ್ಚಿದಳು.

"ರೀ, ಹಳೇದೇ ಇರ್ಲಿ. ಸದ್ದಿದ್ರೇನೇ ನಿಮ್ಮ ದೋಣಿಗೆ ಒಳ್ಳೇದು."

"ಮೋಟಾರ್ ವಿಷ್ಯ ನಿನಗೇನೇ ಗೊತ್ತು?"

"ಮೋಟಾರ್ ಗೊತ್ತಿಲ್ಲ. ನೀವು ಗೊತ್ತು."

ಭಾವ ಇದನ್ನು ಹೊಗಳಿಕೆ ಎಂದುಕೊಂಡರು. ಅಂಥ ಸೌಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಹೊಸ ಮೋಟಾರಿನ ಭಾರಕ್ಕೆ ದೋಣಿಯ ಹಿಂಭಾಗ ಕುಸಿಯಿತು. ಜನರನ್ನು ಮುಂದೆ ಸರಿಸಿ ಕೂರಿಸಿದರು. ದೋಣಿ ಹೊರಟಿತು. ಅಲೆ ಹಲಗೆಗೆ ಬಡಿಯುವುದೂ ಕೇಳುವಷ್ಟು ನಿಶ್ಶಬ್ದ. ಆ ನಿಶ್ಶಬ್ದದೊಳಗೆ ಭಾವ ಇಳಿದರು. ಇಂಜೆಕ್ಷನ್ ಚುಚ್ಚುವಾಗ ಸೂಜಿ ಎಷ್ಟು ಓರೆಯಿರಬೇಕೆಂದು ನರ್ಸಮ್ಮನಿಗೆ ಹೇಳಿದರು. ಭಾಗಾಕಾರವನ್ನು ಶಾಲೆಗಳಲ್ಲಿ ತಲೆಕೆಳಗಾಗಿ ಕಲಿಸುತ್ತಿದ್ದಾರೆಂದು ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರ ಮುಗುಳ್ನಗೆ ನಡುಹೊಳೆಯ ತನಕ ಬಂದು ಅಲ್ಲೇ ಮುಳುಗಿತು. ಪಕ್ಕದಲ್ಲಿದ್ದ ಟೈಲರಮ್ಮನಿಗೆ ಕತ್ತರಿ ಹಿಡಿಯುವ ಕ್ರಮ ಹೇಳುವಷ್ಟರಲ್ಲಿ ದಡ ಬಂತು, ಬದುಕಿದಳು.

ಜನ ದೋಣಿ ಹತ್ತುವ ನಮ್ಮ ಕಟ್ಟೆಯಲ್ಲಿ ಇರುವುದು ಎರಡು ದೋಣಿ, ಸರದಿಯ ಲೆಕ್ಕ: ಒಂದು ತುಂಬಿ ಹೊರಟ ಮೇಲೆ ಇನ್ನೊಂದು. ಮಾತಾಡದವನಾದ್ದರಿಂದ ಮೌನಿ ಎಂದೇ ಹೆಸರಾದ ಮುದುಕನದು ಆ ಇನ್ನೊಂದು ದೋಣಿ, ಹರಕು ಟೂ-ಸ್ಟ್ರೋಕಿನದು. ಇದ್ದಕ್ಕಿದ್ದಂತೆ ಭಾವನ ಸರದಿ ಬಂದಾಗೆಲ್ಲ ಜನಕ್ಕೆ ಮನೆಯಲ್ಲಿ ಕೊಡೆ ಮರೆತದ್ದು ನೆನಪಾಗತೊಡಗಿತು, ಒಬ್ಬೊಬ್ಬರ ಬೂಟಿನ ದಾರವೂ ಬಿಚ್ಚತೊಡಗಿತು. ಮೌನಿಯ ಸರದಿ ಬಂತೋ, ಕೊಡೆಯೂ ಬೇಡ, ದಾರವೂ ಬೇಡ, ಹೊಗೆಯಲ್ಲಿ ಕೆಮ್ಮುತ್ತಾ ನಗುನಗುತ್ತಾ ಹತ್ತಿಬಿಡುತ್ತಿದ್ದರು. ಖಾಲಿ ಹಲಗೆಗಳನ್ನು ನೋಡಿ ಭಾವ ನನಗೆ ಕಾರಣ ವಿವರಿಸಿದರು: "ಹೊಸ ಟೆಕ್ನಾಲಜಿ ಅಂದ್ರೆ ಜನಕ್ಕೆ ಭಯ ಕಣೋ."

ಒಂದು ಬೆಳಿಗ್ಗೆ ಮೌನಿಗೆ ಜ್ವರ. ಬೇರೆ ದಾರಿಯಿಲ್ಲದೆ ನರ್ಸಮ್ಮ, ಟೈಲರಮ್ಮ ಮತ್ತು ನಾನು ಭಾವನ ದೋಣಿಯಲ್ಲಿದ್ದೆವು. ಮಾತಿನ ನಡುವೆ ಭಾವ ನೀರು ಕುಡಿಯಲು ಬಾಟಲಿ ಎತ್ತಿದರು. ಸಿಕ್ಕಿದ ಸಂದಿಯಲ್ಲಿ ನರ್ಸಮ್ಮ ಟೈಲರಮ್ಮನಿಗೆ ಪಿಸುಗುಟ್ಟಿದಳು:

"ಇಷ್ಟು ವರ್ಷ ಈ ಮನುಷ್ಯ ಇದನ್ನೇ ಹೇಳ್ತಿದ್ರೇನೆ?"

"ಯಾರಿಗ್ಗೊತ್ತು! ಆ ಗದ್ದಲದಲ್ಲಿ ಒಂದಕ್ಷರ ಕೇಳ್ಸಿದ್ರೆ ತಾನೇ? ಪಾಪ ಅಂತ ತಲೆ ಆಡಿಸ್ತಿದ್ದೆ ಅಷ್ಟೆ."

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಹಿಂದೆ ಕೂತ ಭಾವನಿಗೆ ಅಷ್ಟೂ ಕೇಳಿಸಿತು. ಬಾಟಲಿ ತುಟಿಯ ಹತ್ತಿರವೇ ನಿಂತಿತು. ಅವರ ಮುಖ ನೋಡಿ, ಇಷ್ಟು ದಿನ ಒಳಗೊಳಗೇ ನಕ್ಕ ನನಗೆ ಅವತ್ತು ನಗು ಬರಲಿಲ್ಲ. ಅವರನ್ನು ಗೇಲಿ ಮಾಡುವುದು ನಮ್ಮ ಮನೆಯ ಹಕ್ಕು. ಊರಿನವರು ಮಾಡಿದಾಗ ನನಗೆ ಸಿಟ್ಟು ಬಂತು. ಅವತ್ತು ಸಂಜೆ ಮನೆಯಲ್ಲಿ ಅಕ್ಕನಿಗೆ ಮಿಕ್ಸಿ ಹಾಕುವ ಅಗತ್ಯ ಬೀಳಲಿಲ್ಲ. ಅವಳು ಹೆದರಿ ಗಂಡನ ಹಣೆ ಮುಟ್ಟಿ ನೋಡಿದಳು.

ವಾರದೊಳಗೆ ಫೋರ್-ಸ್ಟ್ರೋಕ್ ಮಾರಾಟವಾಗಿ ಹಳೆಯದು ಮತ್ತೆ ದೋಣಿಗೇರಿತು. "ತೂಕ ಜಾಸ್ತಿ, ನಮ್ಮ ದೋಣಿಗೆ ಒಗ್ಗಲ್ಲ" ಎಂದು ಭಾವ ಕಟ್ಟೆಯಲ್ಲಿ ಸಾರಿದರು. ಊರೆಲ್ಲ ಸಂತೋಷದಿಂದ ನಂಬಿತು. ಕೊಡೆಗಳು ನೆಟ್ಟಗೆ ಕೈ ಸೇರಿದವು, ದೋಣಿ ತುಂಬಿತು.

ನಡುಹೊಳೆಗೆ ಬಂದಾಗ ಮೋಟಾರು ಅಬ್ಬರಿಸುತ್ತಿತ್ತು. ಭಾವ ಒಂದು ಕೈ ಗಾಳಿಗೆತ್ತಿ, ಭಾಷಣದ ಧಾಟಿಯಲ್ಲೇ ಏನೋ ಕೂಗಿದರು. ಅವರ ಮೊಣಕಾಲಿಗೆ ತಾಗಿ ಕೂತಿದ್ದ ನನಗೆ ಮಾತ್ರ ಕೇಳಿಸಿತು.

"ನಾನು ಹೇಳೋದು ನಿಮಗ್ಯಾರಿಗೂ ಕೇಳ್ಸಲ್ಲ, ಅಲ್ವಾ?"

ತಲೆಗಳೆಲ್ಲ ಆಡಿದವು. ಮೇಷ್ಟ್ರು ಮುಗುಳ್ನಕ್ಕರು. ನರ್ಸಮ್ಮ ಹುಬ್ಬೇರಿಸಿ, ಬಹಳ ಸರಿಯಾದ ಮಾತು ಎಂಬಂತೆ ಪಕ್ಕದವಳ ಕಡೆಗೂ ನೋಡಿದಳು. ಆಡದೆ ಉಳಿದದ್ದು ನನ್ನ ತಲೆಯೊಂದೇ. ಭಾವ ನನ್ನ ಮುಖ ನೋಡಿದರು. ನಾನು ನೀರು ನೋಡಿದೆ.

ಅವರು ಮೋಟಾರಿನ ಹಿಡಿಯನ್ನು ಇನ್ನಷ್ಟು ತಿರುಗಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಮೊದಲಿಗಿಂತ ಜೋರಾಗಿ ಮಾತು ಮುಂದುವರಿಸಿದರು.