ಮುಷ್ಟಿಯಲ್ಲಿದ್ದ ರಿಲೇ

ದಾಖಲೆಯಿಲ್ಲದ ಮಾತನ್ನು ನಾನು ಎಂದೂ ನಂಬಿದವನಲ್ಲ. ಆಳಂದದಿಂದ ಜೇವರ್ಗಿಯವರೆಗಿನ ಶಾಸನಗಳ ಕಾಲನಿರ್ಣಯದಲ್ಲೇ ವೃತ್ತಿಜೀವನ ಕಳೆದ ನನಗೆ, ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರ ಬಗ್ಗೆ ತಾತ್ಸಾರವೇ ಇತ್ತು. ಇದನ್ನು ಮೊದಲೇ ಒಪ್ಪಿಕೊಂಡು ಮುಂದಿನದನ್ನು ಬರೆಯುತ್ತಿದ್ದೇನೆ.

ನಾಲ್ಕು ವರ್ಷಗಳ ಹಿಂದಿನ ಭಾದ್ರಪದ. ನನ್ನ ದಿನಚರಿಯಲ್ಲಿ ಮಂಗಳವಾರವೆಂದಿದೆ, ಲಾರಿಯ ತೂಕದ ಚೀಟಿಯಲ್ಲಿ ಬುಧವಾರ. ದಿನಚರಿಯನ್ನು ಎರಡು ದಿನ ಬಿಟ್ಟು ಬರೆದದ್ದರಿಂದ ಚೀಟಿಯನ್ನೇ ಪ್ರಮಾಣವೆಂದು ಹಿಡಿದಿದ್ದೇನೆ. ಪುಸ್ತಕದ ಪೆಟ್ಟಿಗೆಗಳನ್ನು ಅಫಜಲಪುರದಿಂದ ಜೇವರ್ಗಿಗೆ ಸಾಗಿಸಲು ಮಹಿಬೂಬನ ಲಾರಿ ಗೊತ್ತುಮಾಡಿದ್ದೆ. ಸೊಂಟದ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಎದ್ದು ನಿಲ್ಲಲಾರದ ಅವನ ತಾಯಿ ಹಸೀನಾಬಿ, ಜೇವರ್ಗಿಯ ವೈದ್ಯರನ್ನು ಕಾಣಲೆಂದು ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಿದ್ದರು. ಸೊನ್ನದ ಬ್ಯಾರೇಜಿನಿಂದ ಸಂಜೆ ಭೀಮಾ ನದಿಗೆ ನೀರು ಬಿಡುವ ಪ್ರಕಟಣೆಯನ್ನು ಎರಡು ಸಲ ಓದಿ, ಇನ್ನೂ ಮೂರು ತಾಸಿದೆ, ಹಳೆಯ ತಗ್ಗು ಸೇತುವೆಯ ಮೇಲೆಯೇ ಹೋಗೋಣವೆಂದು ಧೈರ್ಯ ಹೇಳಿದವನು ನಾನೇ. ಹಳ್ಳಗಳಿಂದ ಬರಬಹುದಾದ ಮಳೆನೀರು ನನ್ನ ಲೆಕ್ಕದಲ್ಲಿರಲಿಲ್ಲ.

ಸೇತುವೆಯ ನಟ್ಟನಡುವೆ ಇಂಜಿನ್ ನಿಂತಿತು. ಮಹಿಬೂಬ ಕೆಳಗೆ ನುಸುಳಿ, ಇಂಜಿನ್ನಿನ ಸುತ್ತುಗಳನ್ನು ಅಳೆಯುವ ಸೆನ್ಸರನ್ನು ಹುಡುಕಿ ಒರೆಸಿದ. ಪ್ರಯೋಜನವಾಗಲಿಲ್ಲ. ಕೆಂಪು ನೀರು ಚಕ್ರ ಮುಟ್ಟತೊಡಗಿತ್ತು. ಅವನು ನನ್ನ ಮೊಣಕಾಲಿನೆದುರಿನ ಮುಚ್ಚಳ ತೆಗೆದು, ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಕಪ್ಪು ರಿಲೇಯೊಂದನ್ನು ಕಿತ್ತು ನನ್ನ ಕೈಗಿತ್ತ.

“ಹಿಡೀರಿ ಸರ, ಬಿಡಬ್ಯಾಡ್ರಿ. ಇಂಜಿನ್ನಿಗೆ ಕರೆಂಟ್ ಹೋಗೋದು ಇದರಿಂದನ. ಹಾರ್ನಿನ ರಿಲೇನೂ ಇಂಥಾದ್ದೇ ಅದ, ಅದನ್ನ ಕಿತ್ತು ಇಲ್ಲಿ ಕೂಡಸ್ತೇನಿ.”

ಹಾಗೆ ಅದಲುಬದಲು ಮಾಡಿ ದೋಷ ಹಿಡಿಯುವುದು ಚಾಲಕರ ಪದ್ಧತಿ. ಆದರೆ ಯಾವುದು ಎಲ್ಲಿದೆಯೆಂದು ತೋರಿಸುವ ಮುಚ್ಚಳದ ನಕಾಶೆಯ ಮೇಲೆ, ದಸರೆಯ ಪೂಜೆಗೆ ಗಾಡಿ ಚೆಂದ ಕಾಣಲೆಂದು ಅವನೇ ಹಸಿರು ಬಣ್ಣ ಬಳಿದಿದ್ದ.

“ಇಷ್ಟ್ ವರ್ಷ ಪೋಂ ಪೋಂ ಅನಸ್ಕೋತ ತಿರಗಿದಿ, ಹಾರ್ನಿಂದು ಎಲ್ಲಿ ಅದ ಅಂತ ಗೊತ್ತಿಲ್ಲೇನಲೇ?” ಎಂದರು ಹಿಂದಿನಿಂದ ಹಸೀನಾಬಿ.

“ಹುಡುಕಾಕತ್ತೇನಿ ಅಮ್ಮೀ, ಸುಮ್ಮಿರ.”

“ನನ್ನ ಬಿಟ್ಟು ಸರನ್ನ ಕರಕೊಂಡು ಓಡ. ನಾ ಇಲ್ಲೇ ಮೀನಾ ಹಿಡೀತ ಕೂಡ್ತೇನಿ.”

ಆ ಸೆಳೆತದಲ್ಲಿ ಆಕೆಯನ್ನು ಹೊತ್ತು ದಾಟುವುದು ನಮ್ಮಿಬ್ಬರಿಂದಲೂ ಆಗುವ ಮಾತಾಗಿರಲಿಲ್ಲ. ನೀರು ಲಾರಿಯ ಮೆಟ್ಟಿಲಿಗೆ ಬಂದಾಗ ಅವನು ಹುಡುಕಾಟ ಬಿಟ್ಟು, ದಿಕ್ಕುಗೆಟ್ಟವನಂತೆ ಚಾವಿ ತಿರುವಿದ. ಇಂಜಿನ್ ಚಾಲೂ ಆಯಿತು. ದಡದಲ್ಲಿ ಸೇರಿದ್ದ ಜನರನ್ನು ಸರಿಸಲು ಒಂದೇ ಸಮನೆ ಹಾರ್ನ್ ಹೊಡೆಯುತ್ತ ಲಾರಿಯನ್ನು ಮೇಲಕ್ಕೆ ಹತ್ತಿಸಿದ.

ಅವನು ಇಂಜಿನ್ ಆರಿಸಿದ ಮೇಲೆ ನನ್ನ ಬೆರಳುಗಳು ನೋಯುತ್ತಿರುವುದು ಅರಿವಾಯಿತು. ಮುಷ್ಟಿ ಬಿಚ್ಚಿದೆ. ರಿಲೇ ಅಲ್ಲೇ ಇತ್ತು. ಇಬ್ಬರೂ ಬಗ್ಗಿ ನೋಡಿದೆವು. ಅದರ ಗೂಡು ಖಾಲಿ. ಮತ್ತೆ ಚಾವಿ ತಿರುವಿದರೆ ಸದ್ದಿಲ್ಲ. ಒಂದೊಂದೇ ಕಿತ್ತು ಪರೀಕ್ಷಿಸಿ ಹಾರ್ನಿನ ರಿಲೇ ಗುರುತಿಸಿ, ಅದನ್ನು ಆ ಗೂಡಿಗೆ ಹಾಕಿದ ಮೇಲೆಯೇ ಲಾರಿ ಹೊರಟಿದ್ದು.

ಜೇವರ್ಗಿಯಲ್ಲಿ ಮೂವರು ಮಿಸ್ತ್ರಿಗಳನ್ನು ಬೇರೆ ಬೇರೆಯಾಗಿ ವಿಚಾರಿಸಿದೆ. ಆ ಗೂಡು ಖಾಲಿಯಿದ್ದರೆ ಇಂಜಿನ್ ಚಾಲೂ ಆಗದೆಂದು ಮೂವರೂ ಹೇಳಿದರು. “ಅವತ್ತು ಏನರ ಕುಡದಿದ್ರೇನ್ರಿ ಸರ?” ಎಂದು ಒಬ್ಬ ನಕ್ಕ. ಗಾಬರಿಯಲ್ಲಿ ಮಹಿಬೂಬ ಹಾರ್ನಿನ ರಿಲೇಯನ್ನೇ ಹಾಕಿದ್ದಿರಬಹುದೇ? ಹಾಗಿದ್ದರೆ ದಡದವರೆಗೂ ಹಾರ್ನ್ ಕೂಗುತ್ತಿರಲಿಲ್ಲ. ನನ್ನ ನೆನಪೇ ತಪ್ಪೆನ್ನೋಣವೆಂದರೆ, ಅವನಿಗೂ ಅದೇ ನೆನಪಿದೆ. ಇದಕ್ಕಿಂತ ಮುಂದೆ ನನ್ನ ವಿಚಾರ ಹೋಗಿಲ್ಲ.

ಹಸೀನಾಬಿ ಈಗ ಕೋಲೂರಿ ನಡೆಯುತ್ತಾರೆ. ಖಾಲಿ ಗೂಡಿನ ವಿಷಯವನ್ನು ಮಗ ಅವರಿಗೆ ತಿಳಿಸಿಲ್ಲ. ನಾನು ಹೋದಾಗಲೆಲ್ಲ ಬಂದವರೆದುರು ಹೇಳುತ್ತಾರೆ: “ನನ್ನ ಮಗ ಎಂಥಾ ಮಿಸ್ತ್ರಿ ಅಂತೀರಿ! ಅಷ್ಟು ನೀರಾಗ ಗಾಡಿ ರಿಪೇರಿ ಮಾಡಿ ನನ್ನ ಉಳಿಸ್ಯಾನ. ಹೌದಿಲ್ರಿ ಸರ?”

ಮಹಿಬೂಬ ನೆಲ ನೋಡುತ್ತಾನೆ. ಇತರರ ಬರಹದಲ್ಲಿ ಒಂದು ತಿಥಿಯ ತಪ್ಪನ್ನೂ ಬಿಡದ ನಾನು, “ಹೌದ್ರಿ” ಎನ್ನುತ್ತೇನೆ.